ಅಂಗಿಯೊಳಗಿನ ಯಂತ್ರದ ಆಸೆ

ಆಗ ನಾನು ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕ್ರೇನ್ ಆಪರೇಟರ್. ಬೆಳಿಗ್ಗೆ ಶಿವಮೊಗ್ಗದಲ್ಲಿ ಕಂಪನಿ ಬಸ್ಸು ಹತ್ತಿದರೆ ಮಾಚೇನಹಳ್ಳಿ ಬರುವಷ್ಟರಲ್ಲಿ ಗೊರಕೆ. ನಡುನಡುವೆ ಗೊರಕೆಯ ಜೊತೆ ಉಸಿರೂ ನಿಲ್ಲುತ್ತಿತ್ತಂತೆ. ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಿ ಬಸ್ಸಿನವರು ಚಹಾಕ್ಕೆ ಪಂಥ ಕಟ್ಟುತ್ತಿದ್ದರು. ಶೀತವಾದರೂ ವಿಲ್ ಬರೆಯುವ ಯೋಚನೆ ಮಾಡುವ ನಾನು ಇದನ್ನು ಮಾತ್ರ ನಕ್ಕು ತಳ್ಳಿಹಾಕಿದ್ದೆ. ಗಾಬರಿಪಟ್ಟರೆ ಕ್ರೇನ್ ಕೆಲಸ ಕೈತಪ್ಪುತ್ತದಲ್ಲ.

ಕೊನೆಗೆ ಹೆಂಡತಿಯೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

“ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತೆ. ಮೂಗಿಗೆ ಗಾಳಿ ಒತ್ತೋ ಮಾಸ್ಕ್ ಮಷೀನ್ ಹಾಕ್ಕೊಂಡು ಮಲಗಬೇಕು. ಸರಿಹೋಗೋವರೆಗೂ ಕ್ರೇನ್ ಹತ್ತಬೇಡಿ, ಕಂಪನಿಗೆ ಹೇಳಿಬಿಡಿ,” ಎಂದರು ಡಾಕ್ಟರು.

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಹೊರದೇಶದ ಹೊಸ ಪ್ರಯೋಗವೊಂದನ್ನು ಹೇಳಿದರು: ಎದೆಯ ಮೇಲ್ಭಾಗದಲ್ಲಿ ಚರ್ಮದೊಳಗೆ ಪುಟ್ಟ ಯಂತ್ರ ಇಡುತ್ತಾರೆ, ಅದರ ತಂತಿ ನಾಲಿಗೆಯ ನರಕ್ಕೆ. ನಿದ್ದೆಯಲ್ಲಿ ಉಸಿರೆಳೆದಾಗಲೆಲ್ಲ ಚೂರು ಕರೆಂಟು ಹರಿದು ನಾಲಿಗೆ ಮುಂದಕ್ಕೆ ಬರುತ್ತದೆ.

“ಇಲ್ಲಿ ಸಿಗುತ್ತಾ ಸಾರ್?”

“ಅಲ್ಲೇ ಇನ್ನೂ ಪರೀಕ್ಷೆ ಮಾಡ್ತಾ ಇದಾರೆ.”

ಈ ಕೊನೆಯ ಮಾತು ನನ್ನ ಕಿವಿಗೆ ಇಳಿಯಲೇ ಇಲ್ಲ. ಅಂಗಿಯೊಳಗೆ ಯಂತ್ರ, ಯಾರಿಗೂ ತಿಳಿಯದು, ಕ್ರೇನೂ ಉಳಿಯುತ್ತದೆ! ಎರಡು ವಾರ ಮಾಸ್ಕನ್ನೂ ಹಾಕದೆ, ಕಂಪನಿಗೂ ಏನೂ ಹೇಳದೆ ಕ್ರೇನ್ ಹತ್ತಿದೆ. ಮೇಲೆ ಕೂತು ಎದೆ ಮುಟ್ಟಿಕೊಳ್ಳುತ್ತಾ, ಇಲ್ಲದ ಯಂತ್ರದ ಬ್ಯಾಟರಿ ಮುಗಿದರೇನು, ಫೋರ್‌ಮನ್ ಎದುರು ನಾಲಿಗೆ ಹೊರಬಂದರೇನು ಎಂದೆಲ್ಲ ಚಿಂತಿಸಿದೆ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಜೋರಾಗಿ ಅಲುಗಿಸಿದರು. ಕಣ್ಣು ಬಿಟ್ಟರೆ ಯಾರೂ ನಗುತ್ತಿರಲಿಲ್ಲ. ಅಲುಗಿಸಿದವನು ನನ್ನ ಕ್ರೇನಿಗೆ ಕೆಳಗಿನಿಂದ ಕೈಸನ್ನೆ ಕೊಡುವ ಗೆಳೆಯ.

“ನಲವತ್ತರವರೆಗೆ ಎಣಿಸಿದೆ ಮಾರಾಯ. ಆಮೇಲೆ ಎಣಿಸಕ್ಕೆ ಧೈರ್ಯ ಬರಲಿಲ್ಲ. ಮೇಲೆ ಕೂತಾಗ ನಿದ್ದೆ ಬರಲ್ಲ ತಾನೇ?”

“ಇಲ್ಲಪ್ಪ,” ಎಂದೆ.

ಅವನು ನಂಬಿದ. ನಂಬಿ, ಅರ್ಧ ಗಂಟೆಯ ನಂತರ ಕರಗಿದ ಕಬ್ಬಿಣದ ಬಕೆಟ್ಟಿನ ಪಕ್ಕ ನಿಂತು, ನಾನು ಹತ್ತಲೆಂದು ತಲೆಯೆತ್ತಿ ಕಾಯುತ್ತಿದ್ದ. ಏಣಿಯ ಮೂರನೆಯ ಮೆಟ್ಟಿಲಿನಿಂದ ಇಳಿದು ನೇರ ಫೋರ್‌ಮನ್ ಕೋಣೆಗೆ ಹೋಗಿ, ಎರಡು ವಾರದ ಹಿಂದೆ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ.

“ಎರಡು ವಾರದಿಂದ ಏನ್ ಮಾಡ್ತಿದ್ರಿ?” ಎಂದರು ಫೋರ್‌ಮನ್.

ಅಂಗಿಯೊಳಗಿನ ಯಂತ್ರದ ಕನಸು ಕಾಣುತ್ತಿದ್ದೆ ಎಂಬ ನಿಜ ಮಾತ್ರ ಹೇಳಲಿಲ್ಲ.

ನನ್ನನ್ನು ಸಾಮಾನು ಇಡುವ ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದರು. ಅಲ್ಲಿನ ಕಿಟಕಿಯಿಂದ ಕ್ರೇನ್ ಕಾಣುತ್ತಿತ್ತು. ಹೊಸ ಆಪರೇಟರ್ ಒಮ್ಮೆ ಆಕಳಿಸಿದರೆ ಸಾಕು, ನಾನು ಗಾಬರಿಯಾಗಿ ಕುರ್ಚಿಯಿಂದ ಏಳುತ್ತಿದ್ದೆ.