ಸರದಾರನ ಗೊರಸಿನ ಕೆಂಧೂಳು

ಹತ್ತಿಮತ್ತೂರಿನಲ್ಲಿ ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ. ಸುನಿತಾ ಹಿತ್ತಲಲ್ಲಿ ನಿಂತು ಹಿಡಿ ಮಣ್ಣನ್ನು ಎಳೆ ಬಿಸಿಲಿಗೆ ತೂರುತ್ತಾರೆ. ಒಳಗೋಡಿ ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದುತ್ತಾರೆ, ಮತ್ತೆ ಬಂದು ತೂರುತ್ತಾರೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿರುವ ತಾಯಿ ಕರೆವ್ವನಿಗೆ ಇದೆಲ್ಲ ರೂಢಿ. "ಒಗದ ಅರಿವಿ ಹಾಕೇನಿ, ಆ ಕಡೆ ತೂರು ನಮ್ಮವ್ವಾ" ಎಂದು ಗದರಿ ಮತ್ತೆ ಚಹಾ ಹೀರುತ್ತಾರೆ.

ಸುನಿತಾ ಮೊಬೈಲ್ ಆಟಗಳಿಗೆ ಬಣ್ಣ ಹಚ್ಚುವವರು. ಆಟದ ವೀರನಿಗಲ್ಲ, ಅವನ ಕುದುರೆಗೂ ಅಲ್ಲ. ಹಾರುವ ಕಿಡಿ, ಏಳುವ ಹೊಗೆ, ಚಿಮ್ಮುವ ಧೂಳಿಗೆ! ಆಟ ಕಟ್ಟುವ ಗೇಮ್ ಎಂಜಿನ್ ಎಂಬ ಸಾಫ್ಟ್‌ವೇರ್ ರಾಶಿ ರಾಶಿ ಕಣಗಳನ್ನು ಉಗುಳುತ್ತದೆ. ಕಣ ಹುಟ್ಟುವಾಗ ಯಾವ ಬಣ್ಣ, ಮಾಸುವಾಗ ಯಾವ ಬಣ್ಣ ಎಂದು ಅದಕ್ಕೆ ಹೇಳಿಕೊಡುವವರು ಇವರು. ಆಡುವವರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ತಪ್ಪಾದರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಸವಣೂರಿನಲ್ಲಿ ಕಾಲೇಜು ಓದುವಾಗ ಫೋನಿನ ವಿಡಿಯೊ ನೋಡಿ ಕಲಿತ ವಿದ್ಯೆ ಇದು. ಆಗ ಯಾವ ಬಣ್ಣ ಕೊಟ್ಟರೂ ಹೊಗೆ ಮಸಿಯಾಗಿಯೇ ಬರುತ್ತಿತ್ತಂತೆ. ಕಣದ ಮೂಲ ಚಿತ್ರವೇ ಕಪ್ಪಾಗಿದೆ ಎಂದು ತಿಳಿಯುವಷ್ಟರಲ್ಲಿ ಸಾಕುಬೇಕಾಗಿತ್ತು. "ಕರೀ ಅರಿವಿಗೆ ಅರಿಶಿಣ ಹತ್ತತೈತೇನ್ರಿ? ಮೊದ್ಲ ಬಿಳಿ ಮಾಡ್ಕೋಬೇಕು, ಆಮ್ಯಾಲ ಬಣ್ಣ" ಎಂದು ನಗುತ್ತಾರೆ.

ಈಗಿನ ಪೇಚು ಬೇರೆ. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ಹೋರಿ ಹಬ್ಬದ ಆಟ ಮಾಡುತ್ತಿದೆ. ಕೊಬ್ಬರಿ ಹಾರ ತೊಟ್ಟ ಹೋರಿ ಯಾರ ಕೈಗೂ ಸಿಗದೆ ಜನರ ನಡುವೆ ನುಗ್ಗಬೇಕು. ಆಟದ ಹೋರಿಗೆ ಇಟ್ಟಿರುವುದು ಹಾನಗಲ್ ಕಡೆಯ ರೈತ ಗುದ್ಲೆಪ್ಪನವರ ಹೋರಿ 'ಸರದಾರ'ನ ಹೆಸರು, ಅದರದೇ ಮೈಬಣ್ಣ. ಸರದಾರ ಹೋದ ವರ್ಷ ಸತ್ತಿತು. ಆಟದಲ್ಲಾದರೂ ಅದರ ಓಟ ನೋಡೋಣವೆಂದು ಆಸೆಯಿಂದ ಸುನಿತಾರ ಮನೆಗೆ ಬಂದ ಗುದ್ಲೆಪ್ಪ, ಫೋನು ನೋಡಿದ್ದೇ ಕೆಂಡಾಮಂಡಲ.

"ಏನ ತಂಗಿ ಇದು, ನಮ್ಮ ಹೋರಿಗೆ ಬೆಂಕಿ ಹತ್ತೈತೇನು? ಇಂಥಾ ಹೊಗ್ಯಾಗ ಅವನ ಹೆಸರ ಬ್ಯಾಡ, ತಗದುಬಿಡ್ರಿ!"

ಕಪ್ಪು ಎರೆಮಣ್ಣಿನ ಹೊಲದಲ್ಲಿ ಬೆಳೆದ ಸುನಿತಾ, ಧೂಳೆಂದರೆ ಕಪ್ಪೇ ಎಂದುಕೊಂಡು ತಮ್ಮೂರಿನ ಮಣ್ಣಿನ ಬಣ್ಣ ಕೊಟ್ಟಿದ್ದರು. ಸರದಾರ ಓಡಿದ್ದು ಕೆಂಪು ಮಸಾರಿ ನೆಲದಲ್ಲಿ! "ಭಾಳ ನಾಚಿಕಿ ಆತ್ರಿ. ನನ್ನ ಕೈಯಾಗ ಆ ಹೋರಿ ಹೆಸರ ಹೋಗಬಾರ್ದು ಅನ್ನಿಸ್ತು" ಎನ್ನುತ್ತಾರೆ. ಮರುದಿನವೇ ಶಿಗ್ಗಾಂವ ಮೇಲೆ ಹಾದು ಗುದ್ಲೆಪ್ಪನವರ ಊರು ಸೇರಿ, ಅವರ ಎಳೆ ಹೋರಿಯ ಬೆಳಗಿನ ಓಟ ನೋಡಿ, ಚೀಲದಲ್ಲಿ ಮಣ್ಣು ತುಂಬಿಕೊಂಡು ಬಂದರು. ಹಿತ್ತಲಲ್ಲಿ ಹಾರುತ್ತಿರುವುದು ಅದೇ ಮಣ್ಣು.

"ಗೊರಸಿನ ಹತ್ರ ಅಚ್ಚ ಕೆಂಪು. ಮ್ಯಾಲ ಏರಿದಂಗ ಬಿಸಲ ಹೊಕ್ಕು ಗೋದಿ ಬಣ್ಣ ಆಗ್ತೈತಿ, ಆಮ್ಯಾಲ ಇಲ್ಲೇ ಇಲ್ಲ!"

ಎರಡನೇ ಚಹಾದ ಹೊತ್ತಿಗೆ ಗುದ್ಲೆಪ್ಪ ಬರುತ್ತಾರೆ. ಇವತ್ತು ಒಪ್ಪದಿದ್ದರೆ ಆಟದಲ್ಲಿ ಸರದಾರನ ಹೆಸರಿಲ್ಲ. "ಕುಂತ್ಕೋರಿ ಕಾಕಾ" ಎಂದು ಸುನಿತಾ ಫೋನು ಕೊಡುತ್ತಾರೆ. ಸರದಾರ ಓಡುತ್ತದೆ. ಗುದ್ಲೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಫೋನಿನ ಗಾಜು ಒರೆಸುತ್ತಾರೆ. ಇನ್ನೊಮ್ಮೆ ಒರೆಸುತ್ತಾರೆ.

"ಧೂಳ ಕುಂತೈತಿ ತಂಗಿ, ಅಂವ ಸರಿ ಕಾಣವಲ್ಲ..."

ಗಾಜಿನೊಳಗೆ ಗೊರಸು ಬಿದ್ದಲ್ಲೆಲ್ಲ ಧೂಳು ಮತ್ತೆ ಏಳುತ್ತದೆ. ಕೈ ನಿಲ್ಲುತ್ತದೆ. ಅದೇ ಟವೆಲ್ ಈಗ ಕಣ್ಣಿಗೆ ಹೋಗುತ್ತದೆ. "ಹೆಸರ ಇರ್ಲಿ ಬಿಡು" ಎನ್ನುತ್ತಾರೆ.

ಆಟದಲ್ಲಿ ಸುನಿತಾ ಹೆಸರು ಎಲ್ಲಿಯೂ ಬರುವುದಿಲ್ಲ. ಬೇಸರವಿಲ್ಲವೇ ಎಂದರೆ ಕೈಗಂಟಿದ ಮಣ್ಣು ಕೊಡವುತ್ತಾರೆ. "ಯಾಕ್ರಿ ಬ್ಯಾಸರ? ಕಾಕಾ ವರಸಿದ್ದು ನನ್ನ ಧೂಳ್ರಿ."