ಎರಡು ಕಪಾಟುಗಳ ಹಿಂದಿನ ಕೋಣೆ

ನನ್ನ ಸ್ವಂತ ದನಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ಹುಡುಕಬೇಕಾಗುತ್ತದೆ. ಮೂರನೇ ಕ್ಲಾಸಿನಿಂದಲೂ ಬೇರೆಯವರ ದನಿಯಲ್ಲೇ ಕಾಲ ಕಳೆದವನು ನಾನು. ಗಣಿತದ ಮಾಷ್ಟ್ರ ಕೆಮ್ಮು, ಬಸ್ಸಿನ ಕಂಡಕ್ಟರನ ಸೀಟಿ, ಮದುವೆಮನೆಯಲ್ಲಿ ಬಿರಿಯಾನಿ ಸಾಲದೆಂದು ಗೊತ್ತಾದಾಗ ಅಡುಗೆಯವರು ತೆಗೆಯುವ ನಿಟ್ಟುಸಿರು, ಎಲ್ಲ ನನ್ನ ಬಳಿ ಇದ್ದವು. ಸೌದಿಯ ಖಮೀಸ್ ಮುಶೈತ್‌ಗೆ ಕೆಲಸಕ್ಕೆ ಬಂದ ಮೇಲೆ ದಾಸ್ತಾನು ಹೆಚ್ಚಿತು. ನಾನು ಕೆಲಸ ಮಾಡುವ ಫರ್ನಿಚರ್ ಅಂಗಡಿಯ ಭಟ್ಕಳದ ಯಜಮಾನರು ಗಿರಾಕಿಯೊಡನೆ ಜೇನಿನಂಥ ಅರಬ್ಬಿಯಲ್ಲಿ ಮಾತಾಡುತ್ತ, ಅದೇ ಉಸಿರಿನಲ್ಲಿ ನನ್ನತ್ತ ತಿರುಗಿ, "ಯಲ್ಲಾ, ನಿನ್ನ ಸ್ಕ್ರೂ ಎಂತ ಬಾಡಿಗೆಗೆ ಬಂದದ್ದಾ? ಬೇಗ ಹಾಕು!" ಎನ್ನುವುದನ್ನು ನಾನು ಅವರಿಗಿಂತ ಚೆನ್ನಾಗಿ ಹೇಳುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ಮೊದಲ ಇಕಾಮಾಕ್ಕೆ, ಅಂದರೆ ಇಲ್ಲಿನ ವಾಸದ ಪರವಾನಗಿಗೆ, ಫೋಟೋ ತೆಗೆಯುವಾಗ ನಾನು ಕಣ್ಣು ಹೇಗೆ ಬಿಟ್ಟಿದ್ದೆ ಎಂಬುದು ನನ್ನ ಜನಪ್ರಿಯ ಪ್ರಯೋಗಗಳಲ್ಲಿ ಒಂದು.

ಆದರೆ ನಾನಿರುವ ಕೋಣೆಯಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತಿದ್ದದ್ದು ಕಾಕನ ಫೋನು.

ಕಾಕ ನಮ್ಮ ಅಂಗಡಿಯ ಪಿಕಪ್ ಓಡಿಸುವವರು. ಐವತ್ತು ದಾಟಿದವರು, ಉಡುಪಿ ಕಡೆಯವರು, ನನ್ನ ಹಾಗೆಯೇ ಬ್ಯಾರಿ. ನಾವು ನಾಲ್ವರು ಒಂದೇ ಕೋಣೆಯಲ್ಲಿರುತ್ತೇವೆ: ಕಾಕ, ನಾನು, ಅಂಗಡಿಯ ಸೇಲ್ಸ್‌ಮನ್, ಮತ್ತು ಕೆಳಗಿನ ಸಲೂನಿನ ಕ್ಷೌರಿಕ. ನಾಲ್ಕು ಮಂಚ, ಒಂದು ಕಿಟಕಿ, ಗೋಡೆಯ ಉದ್ದಕ್ಕೂ ಮೊಳೆಗಳು, ಮೊಳೆಗಳಲ್ಲಿ ಅಂಗಿಗಳು. ಹಗಲಿಡೀ ಇಲ್ಲಿನವರ ಮಲಗುವ ಕೋಣೆಗಳಲ್ಲಿ ಆರು ಬಾಗಿಲಿನ ಕಪಾಟು ಜೋಡಿಸಿ ನಿಲ್ಲಿಸುವ ನಾನು ಸಂಜೆ ಬಂದು ನನ್ನ ಅಂಗಿಯನ್ನು ಮೊಳೆಗೆ ಸಿಕ್ಕಿಸುತ್ತಿದ್ದೆ.

ಕಾಕನ ಹೆಂಡತಿಗೆ, ನಾನು ಮಾಮಿ ಎನ್ನುವವರಿಗೆ, ನಾಲ್ಕೈದು ವರ್ಷಗಳಿಂದ ಕಿವಿ ಮಂದ. ಕಿವಿಗೆ ಹಾಕುವ ಯಂತ್ರವೊಂದಿದೆ, ಅದು ಫೋನಿನ ಹತ್ತಿರ ಬಂದರೆ ಕೀ ಎನ್ನುತ್ತದೆ. ಹಾಗಾಗಿ ಫೋನ್ ಬಂದಾಗ ತೆಗೆದಿಡುತ್ತಾರೆ. ದಿನಾ ಇಳಿಹೊತ್ತಿನ ಅಸರ್ ನಮಾಜಿನ ನಂತರ ಕಾಕ ಮಂಚದ ಮೇಲೆ ಕುಳಿತು ಕರೆ ಮಾಡುವರು, ಇಡೀ ಕಟ್ಟಡಕ್ಕೆ ಅವರ ಸಂಸಾರ ಕೇಳಿಸುವುದು. ಮಾತು ಬ್ಯಾರಿಯಲ್ಲಿ, ಇಲ್ಲಿ ಹೊಂದುವ ಕನ್ನಡ ಮಾಡಿ ಬರೆದಿದ್ದೇನೆ.

"ಮೀನು ಸಿಕ್ಕಿತಾ? ಮೀನು! ಬೇನೆ ಅಲ್ಲ, ಮೀನು! ನನಗೆ ಬೇನೆ ಎಂತದೂ ಇಲ್ಲ!"

ಕೊನೆಗೆ, ಫೋನ್ ಇಡುವ ಮೊದಲು, ಒಂದು ಮಾತು ತಪ್ಪದೆ ಬರುತ್ತಿತ್ತು: "ನಿನ್ನ ನೆನಪು ಆಗ್ತದೆ. ನೆನಪು! ನೆಪ ಅಲ್ಲ, ನೆನಪು, ನೆನಪು!"

ಹೀಗೆ ಕೂಗಿ ಕೂಗಿ ಹೆಂಡತಿಗೆ ಪ್ರೀತಿ ಹೇಳುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಕಂಡ ಒಬ್ಬನನ್ನು ಬಿಡುವ ಬುದ್ಧಿಯೂ ನನಗಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ, ಕಾಕ ಪಿಕಪ್ ತೊಳೆಯಲು ಕೆಳಗಿಳಿದಿದ್ದರು. ನಾನು ಸೌಟನ್ನು ಕಿವಿಗಿಟ್ಟುಕೊಂಡೆ. ಮೀನು ಆಯಿತು, ಬೇನೆ ಆಯಿತು. "ನೆಪ ಅಲ್ಲ, ನೆನಪು!" ಎನ್ನುವಾಗ ಕಣ್ಣು ಒರೆಸಿಕೊಳ್ಳುವ ಅಭಿನಯ ಸೇರಿಸಿದೆ, ಅದು ಅಂದಿನ ಹೊಸ ಐಟಂ. ಕ್ಷೌರಿಕ ನೆಲಕ್ಕೆ ಬಿದ್ದು ನಕ್ಕ. ಸೇಲ್ಸ್‌ಮನ್ ನಗುತ್ತಿದ್ದವನು ತಟ್ಟನೆ ನಿಲ್ಲಿಸಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಕಾಕ. ಗಾಡಿಯ ಕೀಲಿ ಮರೆತು ಬಂದಿದ್ದರು.

ಬೈದಿದ್ದರೆ ಬಚಾವಾಗುತ್ತಿದ್ದೆ. ಅವರು ಕೀಲಿ ತೆಗೆದುಕೊಂಡು, "ಒಳ್ಳೆದುಂಟು ಮಾರಾಯ. ಥೇಟ್ ನನ್ನದೇ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಅಂದು ಅಸರ್ ಆದ ಮೇಲೆ ಅವರು ಮಂಚದ ಮೇಲೆ ಕೂರಲಿಲ್ಲ. ಮರುದಿನವೂ ಇಲ್ಲ. ಕರೆ ಬಂದರೆ ಫೋನನ್ನು ದಿಂಬಿನ ಮೇಲೆ ಕವುಚಿ ಹಾಕುವರು. ಆಮೇಲೆ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸುವರು. ಮಾಮಿಗೆ ಓದು ಬರದು. ಹೆಬ್ಬೆರಳನ್ನು ನೋಡಿ ಅವರು ಏನೆಂದುಕೊಳ್ಳಬೇಕು?

ಇದೇ ವಾರಗಳಲ್ಲಿ ಯಜಮಾನರ ಮಗಳಿಗೆ ಶಾಲೆಯಲ್ಲಿ ಕೋಟೆಯ ಮಾದರಿ ಮಾಡುವ ಕೆಲಸ ಬಂತು. ಏಳನೇ ಕ್ಲಾಸಿನ ಹುಡುಗಿ, ಇಂಡಿಯನ್ ಸ್ಕೂಲು, ಕನ್ನಡ ಎಂದರೆ ಅಜ್ಜಿಯ ಫೋನಿಗೆ ಮೀಸಲಿಟ್ಟ ಭಾಷೆ. ಯುರೋಪಿನ ಮಧ್ಯಕಾಲದ ಕೋಟೆಯ ನಕ್ಷೆಯೊಂದನ್ನು ಪ್ರಿಂಟ್ ಮಾಡಿ ತಂದು ನನ್ನ ಮುಂದಿಟ್ಟಳು. "ಪ್ಲೈವುಡ್ ಕಟ್ ಮಾಡಿ ಕೊಡು, ಅಂಗಡಿಯ ಕೆಲಸ ಆದ ಮೇಲೆ," ಎಂದರು ಯಜಮಾನರು. ಎರಡು ಸಂಜೆ ಕುಳಿತು ಗೋಡೆ, ಗೋಪುರ, ಮಹಡಿ ಎಲ್ಲ ಕತ್ತರಿಸಿದೆ. ಹೊರಗೋಡೆಗೆ ಅಂಟಿಕೊಂಡ ಪುಟ್ಟ ಗೂಡಿನಂಥ ಕೋಣೆಯೊಂದರ ಮೇಲೆ 'ಗಾರ್ಡರೋಬ್' ಎಂದು ಬರೆದಿತ್ತು. ಪಾಪ, ವಾರ್ಡ್‌ರೋಬ್‌ನ ಸ್ಪೆಲ್ಲಿಂಗ್ ತಪ್ಪಿದ್ದಾರೆ ಎಂದುಕೊಂಡು, ನನ್ನ ವೃತ್ತಿಯ ಮರ್ಯಾದೆಗೆ ತಕ್ಕಂತೆ ಅಲ್ಲೊಂದು ಬೆರಳುದ್ದದ ಕಪಾಟು ಕೂರಿಸಿದೆ. ಸರಿಯುವ ಬಾಗಿಲು, ಚಾಕಲೇಟಿನ ಬೇಗಡೆಯ ಕನ್ನಡಿ, ಪೇಪರ್ ಕ್ಲಿಪ್ಪಿನ ಹ್ಯಾಂಗರು.

ಹುಡುಗಿ ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಕಲ್, ಅದು ಟಾಯ್ಲೆಟ್!"

"ಟಾಯ್ಲೆಟ್ಟಾ?"

"ಎಸ್! ಹೋಲ್ ಉಂಟು ನೋಡಿ, ಡೈರೆಕ್ಟ್ ಕೆಳಗೆ. ನೀವು ಟಾಯ್ಲೆಟಲ್ಲಿ ಮಿರರ್ ಇಟ್ಟದ್ದು!"

ಯಜಮಾನರು ಗಲ್ಲಾದಿಂದಲೇ ಕೂಗಿದರು: "ಮೂರು ವರ್ಷ ಕಪಾಟು ಜೋಡಿಸಿ ಇವನಿಗೆ ಕಪಾಟಿಗೂ ಕಕ್ಕಸಿಗೂ ವ್ಯತ್ಯಾಸ ಗೊತ್ತಿಲ್ಲ!"

ಆದರೆ ನಾನು ತೀರಾ ದಡ್ಡನಲ್ಲವೆಂದು ಆಮೇಲೆ ಅವಳ ಪುಸ್ತಕದಿಂದಲೇ ತಿಳಿಯಿತು. ಎರಡೂ ಒಂದೇ ಬೇರಿನ ಪದಗಳಂತೆ. ಬಟ್ಟೆ ಕಾಯುವ ಜಾಗ ಎಂದು ಅರ್ಥ. ಆ ಕಾಲದಲ್ಲಿ ಕಪಾಟೆಂದರೆ ಮರದ ಸಾಮಾನಲ್ಲ, ಒಂದು ಕೋಣೆ. ಒಡೆಯನ ಮಲಗುವ ಕೋಣೆಗೆ ಹೊಂದಿಕೊಂಡಿದ್ದ ಆ ಕೋಣೆಯಲ್ಲಿ ನಿಲುವಂಗಿ, ತುಪ್ಪಳ, ಒಡವೆ, ಬೆಲೆಬಾಳುವ ಮಸಾಲೆ ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಕಕ್ಕಸಿಗೂ ಅದೇ ಹೆಸರು ಯಾಕೆ ಬಂತು? ಅಲ್ಲಿನ ನಾತಕ್ಕೆ ನುಸಿ ಬಾರದೆಂದು ಬಟ್ಟೆಯನ್ನು ಅಲ್ಲೇ ನೇತುಹಾಕುತ್ತಿದ್ದರೆಂದು ಕೆಲವರು ಹೇಳುತ್ತಾರೆ, ಕೆಲವರು ನಂಬುವುದಿಲ್ಲ. ನಮ್ಮ ಕೋಣೆಯಲ್ಲಿ ಕ್ಷೌರಿಕನ ಸಾಕ್ಸು ಇರುವ ಮೂಲೆಗೆ ನುಸಿ ಬಾರದಿರುವುದನ್ನು ಕಂಡ ನಾನು ನಂಬುವ ಪಕ್ಷದವನು.

ಹುಡುಗಿ ಕೋಟೆಯ ನಡುವಿನ ದೊಡ್ಡ ಹಾಲ್ ಅನ್ನು ತೋರಿಸಿದಳು. ಮೊದಲಿಗೆ ಅಲ್ಲೇ ಎಲ್ಲರ ಊಟ, ಅಲ್ಲೇ ಎಲ್ಲರ ನಿದ್ದೆ. ಒಡೆಯ, ಆಳು, ನಾಯಿ ಎಲ್ಲ ಒಂದೇ ಸೂರಿನಡಿ. ಗುಟ್ಟು ಹೇಳಬೇಕಾದರೆ ಜಾಗವಿಲ್ಲ. ಆಮೇಲೆ ಒಡೆಯನಿಗೊಂದು ಪರದೆ ಬಂತು, ಪರದೆ ಹೋಗಿ ಹಲಗೆ ಬಂತು, ಮುಂದೆ ಮಹಡಿಯ ಮೇಲೆ ಅವನಿಗೂ ಹೆಂಡತಿಗೂ ಬೇರೆ ಕೋಣೆಯೇ ಆಯಿತು.

"ಇದು ಎಂತ?" ಆ ಕೋಣೆಯ ಗೋಡೆಯಲ್ಲಿದ್ದ ಸೀಳೊಂದನ್ನು ತೋರಿಸಿ ಕೇಳಿದೆ.

"ಅದರಲ್ಲಿ ಲಾರ್ಡ್ ಕೆಳಗೆ ನೋಡುದು. ಹಾಲಲ್ಲಿ ಯಾರು ಎಂತ ಮಾತಾಡ್ತಾರೆ ಅಂತ. ಸ್ಪೈ ಮಾಡುದು!"

ನನಗೆ ನಗು ಬರಲಿಲ್ಲ. ನಾವು ನಾಲ್ವರು ಮಲಗುವ ಹಾಲ್‌ನಲ್ಲಿ ಗೋಡೆಯೇ ಇಲ್ಲ, ಸೀಳು ಮಾತ್ರ ಇದೆ. ಆ ಸೀಳು ನಾನೇ.

ಮರುದಿನ ಮಧ್ಯಾಹ್ನ ನನ್ನ ಫೋನಿಗೆ ಕಾಕನ ಮಗಳ ದನಿ ಸಂದೇಶ ಬಂತು. ಹಿಂದೊಮ್ಮೆ ಊರಿಗೆ ಹೋಗುವಾಗ ಅವಳಿಗೊಂದು ಪೊಟ್ಟಣ ಮುಟ್ಟಿಸಿದ್ದೆ. ಹಾಗಾಗಿ ನಂಬರ್ ಇತ್ತು. "ಅಣ್ಣಾ, ಉಪ್ಪ ಹುಷಾರಿದ್ದಾರಲ್ವಾ? ಹದಿನೈದು ದಿನ ಆಯ್ತು, ಉಮ್ಮನ ಹತ್ರ ಸರಿ ಮಾತಾಡಿಲ್ಲ. ಒಂದು ಸಲ ಗಾಡಿಯಿಂದ ಮಾಡಿದ್ರು, ಪಿಸಿಪಿಸಿ ಅಂತ. ಉಮ್ಮನಿಗೆ ಎಂತದೂ ಕೇಳ್ಲಿಲ್ಲ. 'ನನ್ನ ಕಿವಿಯಿಂದ ಅವರಿಗೆ ಸಾಕಾಗಿದೆ, ಕೂಗಿ ಕೂಗಿ ಬೇಜಾರಾಗಿದೆ' ಅಂತ ಈಗ ಅಳ್ತಾರೆ. ಯಂತ್ರವನ್ನೂ ಡಬ್ಬದಲ್ಲಿ ಹಾಕಿ ಇಟ್ಟಿದ್ದಾರೆ."

ಮೂರು ಸಲ ಕೇಳಿದೆ. ಖಾಲಿ ಪಿಕಪ್ಪಿನೊಳಗೆ, ಗಾಜು ಏರಿಸಿಕೊಂಡು ಕುಳಿತಾಗಲೂ ಆ ಮನುಷ್ಯನಿಗೆ ಗಟ್ಟಿಯಾಗಿ ಮಾತಾಡಲು ನಾಚಿಕೆಯಾಗಿತ್ತು. ಅಷ್ಟು ದೂರಕ್ಕೆ ಹೋಗಿತ್ತು ನನ್ನ ಸೌಟಿನ ಫೋನು. ಇತ್ತ ಕಾಕನಿಗೆ ತನ್ನ ದನಿಯ ನಾಚಿಕೆ, ಅತ್ತ ಮಾಮಿಗೆ ತನ್ನ ಕಿವಿಯ ನಾಚಿಕೆ.

ಯಜಮಾನರ ಮುಂದೆ ನಿಂತೆ. ಗೋದಾಮಿನಲ್ಲಿ ಎರಡು ಕಪಾಟುಗಳು ತಿಂಗಳಿಂದ ಬಿದ್ದಿದ್ದವು. ಒಂದರ ಕನ್ನಡಿ ಬಿರುಕು, ಇನ್ನೊಂದರ ಬಣ್ಣ ಬೇರೆಯೆಂದು ಗಿರಾಕಿ ಹಿಂದಿರುಗಿಸಿದ್ದು.

"ಆ ಎರಡು ದೂಲಾಬ್ ನಮ್ಮ ರೂಮಿಗೆ ಕೊಡ್ತೀರಾ?"

"ಯಾಕೆ? ನಿನ್ನ ಹತ್ರ ಇರುದು ಮೂರು ಅಂಗಿ."

ಎಲ್ಲವನ್ನೂ ಹೇಳಿದೆ, ಯಾರ ದನಿಯನ್ನೂ ಅಣಕಿಸದೆ. ಅವರು ಕ್ಯಾಲ್ಕುಲೇಟರನ್ನು ಬದಿಗೆ ಸರಿಸಿದರು. ಆಮೇಲೆ, "ನನ್ನದೂ ಮಾಡ್ತಿಯಂತೆ ನೀನು?" ಎಂದರು.

"...ಹೌದು."

"ಹೇಗೆ ಬರ್ತದೆ?"

"ಚೆನ್ನಾಗಿ ಬರ್ತದೆ."

"ಹೋಗು, ತಗೊಂಡು ಹೋಗು. ಯಲ್ಲಾ! ಬಾಡಿಗೆ ಸ್ಕ್ರೂ ಹಾಕ್ಬೇಡ."

ಕಾಕ ಪಕ್ಕದ ಅಬಹಾ ಪಟ್ಟಣಕ್ಕೆ ಸೋಫಾ ಮುಟ್ಟಿಸಲು ಹೋಗಿದ್ದಾಗ ಸೇಲ್ಸ್‌ಮನ್ನೂ ನಾನೂ ಸೇರಿ ಕಪಾಟುಗಳನ್ನು ಮೇಲೆ ಹೊತ್ತೆವು. ಕಿಟಕಿಯ ಬದಿಯಲ್ಲಿದ್ದ ಕಾಕನ ಮಂಚದ ಸುತ್ತ, ಬೆನ್ನು ಒಳಗೆ, ಬಾಗಿಲು ಹೊರಗೆ ಮಾಡಿ ಎರಡನ್ನೂ ನಿಲ್ಲಿಸಿದೆ. ನಡುವೆ ಒಬ್ಬರು ತೂರುವಷ್ಟು ಸಂದಿ, ಅದಕ್ಕೊಂದು ಪರದೆ. ಆ ಕೋಟೆಗಳಲ್ಲಿ ಕಪಾಟೆಂಬ ಕೋಣೆ ಕುಗ್ಗುತ್ತ ಬಂದು ಕೊನೆಗೆ ಮರದ ಪೆಟ್ಟಿಗೆಯಾಯಿತಂತೆ. ನಾವು ಖಮೀಸಿನಲ್ಲಿ ಪೆಟ್ಟಿಗೆಯನ್ನು ಹಿಗ್ಗಿಸಿ ಮತ್ತೆ ಕೋಣೆ ಮಾಡಿದೆವು.

ಕಾಕ ಬಂದು ನಿಂತು ನೋಡಿದರು. "ಎಂತ ಇದು? ಕಕ್ಕಸಾ?"

ಸೇಲ್ಸ್‌ಮನ್ ಕೆಮ್ಮಿದ. "ಅಲ್ಲ ಕಾಕ," ಎಂದೆ, "ರಾಜರ ಕೋಣೆ. ಹಿಂದೆ ರಾಜರೂ ನಮ್ಮ ಹಾಗೆಯೇ ಒಟ್ಟಿಗೆ ಬಿದ್ದುಕೊಳ್ತಿದ್ದದ್ದು. ಹೆಂಡತಿ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ ಅಂತ ಬೇರೆ ಕೋಣೆ ಕಟ್ಟಿಸಿದ್ರು."

"ರಾಜನ ಹೆಂಡತಿಗೂ ಕಿವಿ ಕೇಳ್ತಿರ್ಲಿಲ್ವಾ?"

"ರಾಜನ ಹಾಲಲ್ಲಿ ನನ್ನ ಹಾಗೆ ಒಬ್ಬ ಇದ್ದಿರ್ಬೇಕು." ಆಮೇಲೆ ಮಗಳ ಸಂದೇಶವನ್ನು ಹಾಕಿ ಫೋನನ್ನು ಅವರ ಕೈಗಿಟ್ಟೆ.

ಅವರು ಕೇಳಿದರು. ಫೋನ್ ಹಿಂದಿರುಗಿಸಿ, ಚಪ್ಪಲಿ ಕಳಚಿ, ಪರದೆ ಸರಿಸಿ ಒಳಗೆ ಹೋದರು.

ಕಪಾಟುಗಳ ಎತ್ತರ ಸೂರಿನ ತನಕ ಇಲ್ಲವೆಂಬುದು ನಮಗೆ ಆಗ ಹೊಳೆಯಿತು. ಒಳಗಿನ ಉಸಿರೂ ಹೊರಗೆ ಕೇಳುತ್ತಿತ್ತು. ಕ್ಷೌರಿಕ ತನ್ನಷ್ಟಕ್ಕೇ ಎದ್ದು ಟ್ರಿಮ್ಮರ್ ಚಾಲೂ ಮಾಡಿ, ಗಡ್ಡವೇ ಇಲ್ಲದ ತನ್ನ ಕೆನ್ನೆಗೆ ಹಿಡಿದುಕೊಂಡ. ಸೇಲ್ಸ್‌ಮನ್ ಪಾತ್ರೆ ತೊಳೆಯತೊಡಗಿದ. ಅವನು ಪಾತ್ರೆ ತೊಳೆದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ನಾನು ನಲ್ಲಿ ಬಿಟ್ಟುಕೊಂಡು ನಿಂತೆ. ಇಷ್ಟೆಲ್ಲದರ ಮೇಲೂ ಅದು ಬಂತು, ಮೊದಲು ಮೆಲ್ಲಗೆ, ಮತ್ತೆ ಗಟ್ಟಿಯಾಗಿ:

"ಬೇಜಾರಲ್ಲ! ಬೇಜಾರು ಇಲ್ಲ ಅಂದೆ! ನೆನಪು! ನೆನಪು ಆಗ್ತದೆ!"

ಟ್ರಿಮ್ಮರ್ ನಿಂತಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾಲು ಗಂಟೆಯ ಮೇಲೆ ಪರದೆಯಿಂದ ಕಾಕನ ಕೈ ಹೊರಬಂತು, ಕೈಯಲ್ಲಿ ಫೋನು. "ಕೋಣೆ ಕಟ್ಟಿದ ಮಂಗನಿಗೆ ಕೊಡ್ಬೇಕಂತೆ. ಯಾಕೆ ಕಟ್ಟಿದ್ದಂತ ಎಲ್ಲ ಹೇಳಿದ್ದೇನೆ."

ಒಳಗೆ ಹೋಗಿ ಕುಳಿತೆ. ನನಗೆ ಬರುವ ನೂರು ದನಿಗಳಲ್ಲಿ ಒಂದೂ ಆಗ ಬಳಿ ಸುಳಿಯಲಿಲ್ಲ. ನನ್ನದೇ ಇರಬೇಕು, ತೆಳ್ಳಗೆ ಒಂದು ದನಿ ಬಂತು: "ಮಾಮಿ, ತಪ್ಪಾಯ್ತು."

"ಎಂತ?"

"ತಪ್ಪಾಯ್ತು, ಮಾಮಿ."

"ತುಪ್ಪವಾ? ತುಪ್ಪ ಬೇಕಾ ನಿನಗೆ?"

"ತುಪ್ಪ ಅಲ್ಲ! ತಪ್ಪು! ನಾನು ತಪ್ಪು ಮಾಡಿದೆ!"

"ಗಟ್ಟಿ ಹೇಳು ಮಗಾ, ಕೇಳುದಿಲ್ಲ!"

"ತಪ್ಪಾಯ್ತು ಮಾಮೀ! ತುಪ್ಪ ಅಲ್ಲ! ತಪ್ಪು! ತಪ್ಪು!"

ಕಪಾಟುಗಳ ಮೇಲಿಂದ ಹಾರಿ, ಕಿಟಕಿಯಿಂದ ಇಳಿದು, ಅದು ಕೆಳಗಿನ ರೊಟ್ಟಿ ಅಂಗಡಿಯನ್ನೂ ಮುಟ್ಟಿತು. ಮರುದಿನ ಬೆಳಿಗ್ಗೆ ತಮೀಸ್ ರೊಟ್ಟಿ ತರಲು ಹೋದರೆ, ನಮ್ಮ ಭಾಷೆಯ ಗಂಧವಿಲ್ಲದ ರೊಟ್ಟಿಯವನು ಒಲೆಯೊಳಗಿಂದ ತಲೆಯೆತ್ತಿ, ನನ್ನದೇ ರಾಗದಲ್ಲಿ, "ತಪ್ಪಾಯ್ತು ಮಾಮೀ!" ಎಂದ. ಅಂಗಡಿಯಲ್ಲಿ ಯಜಮಾನರ ಸ್ವಾಗತವೂ ಅದೇ. ಕ್ಷೌರಿಕ ಅದಕ್ಕೆ ಬಿಕ್ಕಳಿಕೆ ಸೇರಿಸಿದ್ದ. ಒಪ್ಪಬೇಕು, ಒಳ್ಳೆಯ ಸುಧಾರಣೆ.

ಕೋಟೆಯ ಮಾದರಿ ಈಗ ಕಪಾಟಿನ ತಲೆಯ ಮೇಲಿದೆ. ಶಾಲೆಯಿಂದ ಮರಳಿದಾಗ ಹುಡುಗಿ ನನಗೇ ಕೊಟ್ಟಳು, ಕಕ್ಕಸಿನಲ್ಲಿ ನನ್ನ ಕನ್ನಡಿಯ ಕಪಾಟು ಹಾಗೆಯೇ ಇದೆ. ಕೋಣೆಯನ್ನು ನಾವು ಸರದಿಯಲ್ಲಿ ಬಳಸುತ್ತೇವೆ. ಕ್ಷೌರಿಕ ಅಲ್ಲಿ ತಾಯಿಯೊಡನೆ ಮಾತಾಡುತ್ತಾನೆ, ಸೇಲ್ಸ್‌ಮನ್ ಯಾರೊಡನೆಂದು ನಾವು ಕೇಳುವುದಿಲ್ಲ. ಅಸರ್ ಆದ ಮೇಲಿನ ಹೊತ್ತು ಕಾಕನದು.

ಕಳೆದ ತಿಂಗಳು ಊರಿನಿಂದ ಬಂದವರೊಬ್ಬರ ಕೈಯಲ್ಲಿ ಮಾಮಿ ಒಂದು ಪೊಟ್ಟಣ ಕಳಿಸಿದ್ದರು. ಮೂರು ಪ್ಲಾಸ್ಟಿಕ್ ಚೀಲ, ಎರಡು ಸುತ್ತು ಟೇಪು, ಒಳಗೊಂದು ಬಾಟಲಿ. ಮೇಲೆ ಮಗಳ ಕೈಬರಹದಲ್ಲಿ ನನ್ನ ಹೆಸರು. ತುಪ್ಪ.

"ಕಾಕ, ಮಾಮಿಗೆ ಕೊನೆಗೂ ಸರಿ ಕೇಳ್ಲೇ ಇಲ್ಲ," ಎಂದು ಪೇಚಾಡಿದೆ.

ಕಾಕ ರೊಟ್ಟಿ ಮುರಿದು ಬಾಟಲಿಯತ್ತ ಕೈ ಚಾಚಿದರು. "ಅವಳಿಗೆ ಮೊದಲನೇ ಸಲವೇ ಕೇಳಿತ್ತು ಮಾರಾಯ. ನಿನ್ನನ್ನು ಮೂರು ಸಲ ಕೂಗಿಸ್ಬೇಕಿತ್ತು ಅವಳಿಗೆ. ಮುಚ್ಚಳ ತೆಗಿ."