ಸೀಟಿನ ಕೆಳಗಿನ ಚೀಲ

ಈಗಲೂ ಸಾಗರದ ಪೇಟೆಯಲ್ಲಿ ಯಾರದಾದರೂ ರೇಸ್ ಸೈಕಲ್ ನಿಂತಿರುವುದು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಸೀಟಿನ ಕೆಳಗೆ ಕಟ್ಟಿರುವ ಪುಟ್ಟ ಚೀಲದ ಕಡೆಗೆ. ಅದು ಉಬ್ಬಿಕೊಂಡಿದ್ದರೆ ಒಮ್ಮೆ ಒತ್ತಿ ನೋಡಬೇಕು ಅನಿಸುತ್ತದೆ. ಒಂದೆರಡು ಸಲ ಅತ್ತಿತ್ತ ನೋಡಿ ಒತ್ತಿಯೂ ಬಿಟ್ಟಿದ್ದೇನೆ. ಒಳಗೆ ಗಟ್ಟಿಯಾದದ್ದು ಏನಾದರೂ ಕೈಗೆ ತಗುಲಿದರೆ ಸಮಾಧಾನ. ಮೆತ್ತಗಿದ್ದರೆ, ಆ ಸೈಕಲ್ಲಿನ ಯಜಮಾನ ಯಾರೆಂದು ಗೊತ್ತಿಲ್ಲದಿದ್ದರೂ ಅವನ ಮೇಲೆ ಸಿಟ್ಟು ಬರುತ್ತದೆ.

ಸೈಕಲ್ಲಿನಲ್ಲಿ ದೂರ ಹೋಗುವವರ ಸಂಸಾರವೆಲ್ಲ ಆ ಚೀಲದಲ್ಲೇ ಇರುತ್ತದೆ. ಮಡಚಿದ ಟ್ಯೂಬು, ಟೈರು ಬಿಡಿಸುವ ಲಿವರು, ಬೋಲ್ಟು ಬಿಗಿ ಮಾಡುವ ಕೀಲಿ, ಗೇಣುದ್ದದ ಪಂಪು. ಇದರ ಜೊತೆಗೆ ಹುಣಸೆಬೀಜದಷ್ಟಿರುವ ಒಂದು ಹಿತ್ತಾಳೆ ಟೋಪಿ. ನಮ್ಮ ಸೈಕಲ್ಲುಗಳ ವಾಲ್ವಿನ ಬಾಯಿ ಸಪೂರ. ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಹಿಡಿಯುವುದಿಲ್ಲ. ಆ ಟೋಪಿ ಹಾಕಿದರೆ ಹಿಡಿಯುತ್ತದೆ. ಅಂದರೆ, ಪಂಪೂ ಇಲ್ಲ ಟೋಪಿಯೂ ಇಲ್ಲ ಎಂದಾದರೆ ಎದುರಿಗೆ ಲಾರಿ ಟೈರಿಗೆ ಗಾಳಿ ಹೊಡೆಯುವ ಯಂತ್ರ ಗುಡುಗುತ್ತಿದ್ದರೂ ನಮಗೆ ಪ್ರಯೋಜನವಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ನನ್ನ ಗೆಳತಿ ನಮ್ಮ ಬೀದಿಯವಳೇ, ಬ್ಯಾಂಕಿನಲ್ಲಿ ಕೆಲಸ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಒಟ್ಟೊಟ್ಟಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಮೊದಮೊದಲು ಹೆಗ್ಗೋಡಿನ ತನಕ, ಆಮೇಲೆ ವರದಹಳ್ಳಿಗೆ. ಭಾನುವಾರ ಬೆಳಿಗ್ಗೆ ಮನೆಯ ಗೇಟು ದಾಟಿದರೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಒಂದು ಸಲ ಒಬ್ಬಳೇ ಹೊನ್ನೆಮರಡಿನ ಕಡೆಗೆ ಹೋದಾಗ ಟೈರು ಪಂಕ್ಚರ್ ಆಯಿತು. ಆಗ ನನ್ನ ಹತ್ತಿರ ಏನೂ ಇರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರದು ಮೆಡಿಕಲ್ ಶಾಪು. ಗಿರಾಕಿಗಳನ್ನು ಹೊರಗೆ ಕಳಿಸಿ ಶಟರ್ ಎಳೆದು ಬಂದರು. ಮನೆಗೆ ಬಂದ ಮೇಲೆ ಹೇಳಿದರು: “ಇನ್ನೊಂದ್ಸಲ ಕರ್ಕೊಂಡ್ ಹೋಗಿ ಅಂತ ಫೋನ್ ಬಂದ್ರೆ ಸೈಕಲ್ ಅಟ್ಟಕ್ಕೆ.”

“ಬರಲ್ಲ ಬಿಡಿ” ಎಂದೆ ನಾನು, ಜಂಬದಿಂದ. ಷರತ್ತು ಅವರದ್ದಾದರೂ ಒಪ್ಪಿಕೊಂಡವಳು ನಾನು. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳದಿದ್ದರೆ ಆ ಮನೆಯಲ್ಲಿ ನನಗೆ ತಲೆಯೆತ್ತಲು ಆಗುವುದಿಲ್ಲ.

ಮರುದಿನ ಇದನ್ನು ಗೆಳತಿಗೆ ಹೇಳಿದಾಗ ಅವಳು ನಕ್ಕಳು. “ಹೆದ್ರಬೇಡ ಮಾರಾಯ್ತಿ, ನಾನಿಲ್ವಾ? ಇನ್ಮೇಲೆ ಒಟ್ಟಿಗೇ ಹೋಗೋಣ. ಇಬ್ರೂ ಎಲ್ಲಾನೂ ಹೊರೋದು ಎಂತಕ್ಕೆ? ಟ್ಯೂಬು, ಲಿವರು, ಕೀಲಿ ನಿಂದು. ಪಂಪು, ಟೋಪಿ ನಂದು.” ಅಲ್ಲಿಂದ ಅದೇ ಪದ್ಧತಿಯಾಯಿತು. ಹೊರಡುವ ಮೊದಲು ಗೇಟಿನ ಹತ್ತಿರ ನಾನು ನನ್ನ ಚೀಲ ತಟ್ಟಿ “ಟ್ಯೂಬ್, ಲಿವರ್, ಕೀಲಿ” ಎನ್ನುತ್ತಿದ್ದೆ. ಅವಳು ತನ್ನದನ್ನು ತಟ್ಟಿ “ಪಂಪು, ಟೋಪಿ” ಎನ್ನುತ್ತಿದ್ದಳು. ತಟ್ಟದೆ ನಾವು ಪೆಡಲ್ ತುಳಿದದ್ದೇ ಇಲ್ಲ.

ಹಾಗೆಯೇ ಒಂದು ವರ್ಷ ಓಡಾಡಿದೆವು. ಮನುಷ್ಯರ ಸುಳಿವಿಲ್ಲದ ಕಾಡಿನ ರಸ್ತೆಗಳಲ್ಲೂ ಹೋದೆವು. ನಮ್ಮ ಅದೃಷ್ಟಕ್ಕೆ ಟೈರು ಒಮ್ಮೆಯೂ ಕೈಕೊಡಲಿಲ್ಲ. ಆ ವರ್ಷ ಗೆಳತಿ ಏರಿನಲ್ಲಿ ನನ್ನನ್ನು ಹಿಂದೆ ಹಾಕತೊಡಗಿದಳು. ಫೋನಿನ ಆ್ಯಪು ಯಾವ ಏರನ್ನು ಯಾರು ಬೇಗ ಹತ್ತಿದರೆಂದು ತೋರಿಸುತ್ತದೆ. ಅದರಲ್ಲಿ ಅವಳ ಹೆಸರು ಮೇಲೆ, ನನ್ನದು ಕೆಳಗೆ. ನನಗೇನೂ ಬೇಸರವಾಗಲಿಲ್ಲ. ನಮ್ಮೂರಿನ ಸೈಕಲ್ ಗುಂಪಿನವರ ಎದುರಿಗೆ “ಇವಳ ಕಾಲಿಗೆ ಎಂತ ಶಕ್ತಿ ಬಂದಿದೆ ನೋಡಿ” ಎಂದು ನಾನೇ ಹೊಗಳಿಕೊಂಡು ತಿರುಗಿದೆ. ಅವಳು ನಾಚಿಕೊಂಡು ನಗುತ್ತಿದ್ದಳು.

ಚಳಿ ಇಳಿಯುತ್ತಿದ್ದ ದಿನಗಳಲ್ಲಿ ತೀರ್ಥಹಳ್ಳಿಗೆ ಹೊರಟೆವು. ಅಷ್ಟು ದೂರ ನಾವು ಯಾವತ್ತೂ ಹೋಗಿರಲಿಲ್ಲ. ಹೊಸನಗರದ ಮೇಲೆ ಹೋಗಿ, ತೀರ್ಥಹಳ್ಳಿಯಲ್ಲಿ ಅವಳ ಅಕ್ಕನ ಮನೆಯಲ್ಲಿ ಉಳಿದು, ಮರುದಿನ ವಾಪಸು ಬರುವುದೆಂದು ಮಾತಾಗಿತ್ತು. ಗೇಟಿನ ಹತ್ತಿರ ಎಂದಿನಂತೆ ತಟ್ಟಿದೆವು. ನನ್ನ ಗಂಡ ಜಗುಲಿಯಲ್ಲಿ ನಿಂತು ನೋಡುತ್ತಿದ್ದರು. “ಅಣ್ಣ, ನೀವು ಚಿಂತೆ ಮಾಡ್ಬೇಡಿ” ಎಂದಳು ಅವಳು.

ಹೊಸನಗರದಲ್ಲಿ ಇಡ್ಲಿ ತಿಂದು ಹೊರಟು ಸ್ವಲ್ಪ ದೂರ ಹೋಗಿರಬಹುದು. ಏರು ಮುಗಿದು ಇಳಿಜಾರು ಶುರುವಾಗುವಲ್ಲಿ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ನನಗೆ ಗಾಬರಿ ಆಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು. ಇಷ್ಟು ದಿನ ಹೊತ್ತದ್ದು ಇವತ್ತು ಕೆಲಸಕ್ಕೆ ಬಂತಲ್ಲ ಎಂದುಕೊಂಡೆ. ಚಕ್ರ ಬಿಚ್ಚಿ, ಟೈರಿನ ಒಳಮೈಯಲ್ಲಿ ಬೆರಳಾಡಿಸಿ, ಒಡೆದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿಯನ್ನು ಹುಡುಕಿ ತೆಗೆದೆ. ಹೊಸ ಟ್ಯೂಬು ಕೂರಿಸಿದೆ. ತಲೆಯೆತ್ತದೆ ಕೈ ಚಾಚಿದೆ.

“ಪಂಪ್ ಕೊಡೇ.”

ಕೈಗೆ ಏನೂ ಬರಲಿಲ್ಲ. ಅವಳು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಕುಡಿದು ಮುಗಿದ ಮೇಲೂ ಬಾಟಲಿ ಕೆಳಗಿಳಿಯಲಿಲ್ಲ. ನಾನೇ ಎದ್ದು ಹೋಗಿ ಅವಳ ಚೀಲದ ಜಿಪ್ ಎಳೆದೆ. ಉಂಡೆ ಕಟ್ಟಿದ ಬಿಳಿ ಕಾಲುಚೀಲಗಳು ಹೊರಗೆ ಬಂದವು. ಶಾಲೆಯ ಮಕ್ಕಳು ಹಾಕುವಂಥವು.

“ಎಂತದೇ ಇದು?”

“ಮಗಂದು ಹಳೇ ಸಾಕ್ಸು.”

“ಪಂಪ್, ಟೋಪಿ ಎಲ್ಲಿ?”

“ಎರಡೂ ಮನೇಲಿದೆ. ಏರಲ್ಲಿ ಭಾರ ಆಗ್ತದೆ ಅಂತ ತೆಗ್ದಿಟ್ಟಿದ್ದೆ.”

“ಯಾವಾಗ?”

ಅವಳು ರಸ್ತೆ ನೋಡುತ್ತಾ ಹೇಳಿದಳು, “ಮಳೆಗಾಲಕ್ಕಿಂತ ಮೊದ್ಲೇ. ಚೀಲ ಖಾಲಿ ಕಂಡ್ರೆ ನೀನು ಬೈತಿ ಅಂತ ಅದನ್ನ ತುರುಕಿದ್ದು.”

ಒಂದು ಸೌತೆಕಾಯಿಯಷ್ಟೂ ತೂಕವಿಲ್ಲದ ಪಂಪು ಅದು. ಆ್ಯಪಿನಲ್ಲಿ ನನಗಿಂತ ಮೇಲೆ ಬರಬೇಕೆಂದು ಅದನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಪ್ರತಿ ಭಾನುವಾರ ನನ್ನ ಮುಖ ನೋಡುತ್ತಾ ಕಾಲುಚೀಲ ತಟ್ಟಿ “ಪಂಪು, ಟೋಪಿ” ಎನ್ನುತ್ತಿದ್ದಳು. ನಾನು ಆ ಕಾಡುದಾರಿಗಳಲ್ಲಿ ಹಾಡಿಕೊಂಡು ಹೋಗುತ್ತಿದ್ದದ್ದು ಅದನ್ನು ನಂಬಿ. ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಬೈದೆ. ಕಾಲುಚೀಲಗಳನ್ನು ಚರಂಡಿಗೆ ಎಸೆದು, ಗಾಳಿಯಿಲ್ಲದ ಚಕ್ರವನ್ನು ಸೈಕಲ್ಲಿಗೆ ಸಿಕ್ಕಿಸಲು ಬಗ್ಗಿದೆ.

ತಳ್ಳಿಕೊಂಡು ಮುಂದೆ ಹೋದಾಗ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯವನು ಪೈಪನ್ನು ಹಾಗೆ ಹಿಡಿದ, ಹೀಗೆ ಹಿಡಿದ. ಗಾಳಿ ಬುಸ್ಸೆಂದು ಪಕ್ಕಕ್ಕೆ ಹೋಯಿತೇ ಹೊರತು ಒಳಗೆ ಹೋಗಲಿಲ್ಲ. “ಇದ್ಕೆ ಬೇರೆ ನಾಜಲ್ ಬೇಕು ಮೇಡಂ” ಎಂದ. ಬೇಕೆಂದು ನನಗೂ ಗೊತ್ತಿತ್ತು. ಆ ಟೋಪಿ ಸಾಗರದಲ್ಲಿ, ಅವಳ ಮನೆಯ ಯಾವುದೋ ಡ್ರಾಯರಿನಲ್ಲಿತ್ತು.

ಆದರೂ ನಾನು ಸೋತಿರಲಿಲ್ಲ. ತೀರ್ಥಹಳ್ಳಿಯ ಬಸ್ಸು ಹಿಡಿದು, ಸೈಕಲ್ಲನ್ನು ಮೇಲೆ ಹಾಕಿಸಿಕೊಂಡು ಹೋದರಾಯಿತು, ಅಲ್ಲಿ ಯಾರ ಹತ್ತಿರವಾದರೂ ಪಂಪು ಸಿಗುತ್ತದೆ, ನಾಳೆ ತುಳಿದುಕೊಂಡೇ ಮನೆಗೆ ಬರಬಹುದು. ಅವಳಿಗೂ ಹಾಗೇ ಹೇಳಿದೆ. ಹೇಳಿ, ಅಂಗಡಿಯವನ ಹತ್ತಿರ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಾಗ ಬೆನ್ನ ಹಿಂದೆ ಅವಳ ದನಿ ಕೇಳಿಸಿತು.

“ಹಲೋ ಅಣ್ಣ, ಗಾಬರಿ ಆಗ್ಬೇಡಿ... ಟೈರ್ ಹೋಗಿದೆ. ಇವ್ಳು ಪಂಪ್ ತರೋದು ಮರ್ತಿದಾಳೆ. ನೀವೊಂಚೂರು ಬಂದು ಕರ್ಕೊಂಡ್ ಹೋಗಿ.”

ನಾನು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಮಾತು ಮುಗಿದಿತ್ತು. ಆ ಷರತ್ತು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮತ್ತು ಅವಳಿಗೆ ಮಾತ್ರ.

“ಮರ್ತಿದ್ದು ನಾನಾ?” ಎಂದೆ.

“ನನ್ನ ಹೆಸರು ಹೇಳಿದ್ರೆ ಗುಂಪಿನವ್ರಿಗೆಲ್ಲ ಗೊತ್ತಾಗ್ತದೆ. ನಿಂಗಾದ್ರೆ ಎಂತ, ಗಂಡ ಅಲ್ವಾ, ಕ್ಷಮಿಸ್ತಾರೆ” ಎಂದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡಳು. “ಅಕ್ಕ ಅಡುಗೆ ಮಾಡಿ ಕಾಯ್ತಿರ್ತಾಳೆ. ಹುಷಾರು ಹಾಂ?”

ಹೋಗಿಯೇ ಬಿಟ್ಟಳು. ನಾನು ಅವಳ ಜೊತೆ ತೀರ್ಥಹಳ್ಳಿ ತಲುಪಿದ್ದರೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಕಾಲುಚೀಲದ ಸುದ್ದಿ ಎಲೆಯ ಮೇಲೆ ಬೀಳುತ್ತಿತ್ತು. ಅದಕ್ಕೇ ನನ್ನನ್ನು ಮನೆಗೆ ಸಾಗಹಾಕಬೇಕಿತ್ತು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಾಗ ಇದೆಲ್ಲ ಹೊಳೆಯಿತು. ಅಂಗಡಿಯವನು ಕಾಣದಂತೆ ಅತ್ತೆ.

ಗಂಡ ಕಾರು ತಂದರು. ಇಬ್ಬರೂ ಸೇರಿ ಚಕ್ರ ಬಿಚ್ಚಿ ಸೈಕಲ್ಲನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಹೊಸನಗರ ದಾಟುವಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿದೆ. ಚೀಲ, ತಟ್ಟುವುದು, ಕಾಲುಚೀಲ, ಎಲ್ಲವನ್ನೂ.

“ಇರ್ಬಹುದು” ಎಂದರು ಅವರು ಕೊನೆಗೆ. “ಆದ್ರೆ ಫೋನ್ ಬಂತಲ್ಲ.”

“ನಾನು ಮಾಡಿದ್ದಲ್ಲ.”

“ಬಂತಲ್ಲ.”

ಸಾಗರ ಹತ್ತಿರವಾದಾಗ ಗಾಡಿ ನಿಲ್ಲಿಸಿ ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾನ್ ಹಗ್ಗ ತೆಗೆದುಕೊಂಡರು. ಅಟ್ಟದ ತೊಲೆಗೆ ಕಟ್ಟಲು. ನಾನು ಬೇಡವೆನ್ನಲಿಲ್ಲ. ಮಾತು ಕೊಟ್ಟವಳು ನಾನೇ ಅಲ್ಲವೇ?

ಅವರು ಅಂಗಡಿಯೊಳಗಿದ್ದಾಗ ನನ್ನ ಫೋನು ಸದ್ದು ಮಾಡಿತು. ಸೈಕಲ್ ಗುಂಪಿಗೆ ಗೆಳತಿ ಫೋಟೋ ಹಾಕಿದ್ದಳು. ತೀರ್ಥಹಳ್ಳಿಯಲ್ಲಿ ತುಂಗೆಯ ಸೇತುವೆ, ಕಟ್ಟೆಗೆ ಒರಗಿಸಿದ ಸೈಕಲ್ಲು, ಪಕ್ಕದಲ್ಲಿ ಅವಳ ನಗು. ‘ಗೆಳತಿಗೆ ಅರ್ಧಕ್ಕಿಂತ ಮುಂದೆ ಆಗಲಿಲ್ಲ, ಒಬ್ಬಳೇ ಮುಗಿಸಿದೆ’ ಎಂದು ಬರೆದಿದ್ದಳು. ಕೆಳಗೆ ಆಗಲೇ ಚಪ್ಪಾಳೆಗಳು ಸಾಲುಗಟ್ಟಿದ್ದವು. ನಾನು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದೆ. ಸೀಟಿನ ಕೆಳಗಿನ ಚೀಲ ಗುಂಡಗೆ ಉಬ್ಬಿಕೊಂಡಿತ್ತು. ನಾನು ಚಕ್ರ ಸಿಕ್ಕಿಸಲು ಬಗ್ಗಿದ್ದಾಗ, ಚರಂಡಿಗೆ ಇಳಿದು, ಆ ಕಾಲುಚೀಲಗಳನ್ನು ಹೆಕ್ಕಿ ಮತ್ತೆ ಒಳಗೆ ತುರುಕಿಕೊಂಡಿದ್ದಳು.